ಷಿಕಾಗೊದಲ್ಲಿ ಒಬ್ಬಳೇ ಒಂದು ದಿನ

ಹೊರಡುವ ಹಿಂದಿನ ರಾತ್ರಿ ಮಗ ಕೈಗೊಂದು ಚೀಟಿ ಕೊಟ್ಟ. ಅರ್ಧ ಹಾಳೆ, ಎರಡೂ ಬದಿ ಬರಹ. ಒಂದು ಬದಿಯಲ್ಲಿ ಅವನ ಫೋನ್ ನಂಬರು, ಅವನ ಗೆಳೆಯನ ನಂಬರು, ರೈಲು ಹೋಗುವ ವೇಳೆ, ಬರುವ ವೇಳೆ. ಇನ್ನೊಂದು ಬದಿಯಲ್ಲಿ ನಾನು ಕೇಳಿ ಬರೆಸಿಕೊಂಡ ಒಂದು ವಿಳಾಸ: 541, ಡಿಯರ್‌ಬಾರ್ನ್ ಅವೆನ್ಯೂ. ಅದರ ಕೆಳಗೆ ‘ಈಗ 1415 ನಾರ್ತ್ ಡಿಯರ್‌ಬಾರ್ನ್’ ಎಂದು ಅವನೇ ಸೇರಿಸಿದ್ದ.

‘ಫೋನಿದೆಯಲ್ಲೋ, ಚೀಟಿ ಯಾಕೆ?’ ಎಂದೆ.

‘ಚಾರ್ಜು ಮುಗಿದರೆ?’ ಎಂದ.

ಇಂಜಿನಿಯರಿಂಗ್ ಕಾಲೇಜು ಸೇರಲು ಅವನು ಮೊದಲ ಸಲ ಒಬ್ಬನೇ ಮೈಸೂರಿನ ಬಸ್ಸು ಹತ್ತಿದಾಗ ಇಂಥದೇ ಚೀಟಿಯನ್ನು ನಾನು ಅವನ ಜೇಬಿಗೆ ತುರುಕಿದ್ದೆ. ಆಗ ಅವನೂ ಇದೇ ಪ್ರಶ್ನೆ ಕೇಳಿದ್ದ, ನಾನೂ ಇದೇ ಉತ್ತರ ಕೊಟ್ಟಿದ್ದೆ. ಈಗ ಚೀಟಿ ಕೈ ಬದಲಾಯಿಸಿತ್ತು, ಅಷ್ಟೆ.

ಮಗ ಓದುತ್ತಿರುವುದು ಇಲಿನಾಯ್ ರಾಜ್ಯದ ಅರ್ಬಾನಾ-ಷಾಂಪೇನ್ ಎಂಬ ಜೋಡಿ ಊರಿನ ವಿಶ್ವವಿದ್ಯಾಲಯದಲ್ಲಿ. ಅಲ್ಲಿಂದ ಷಿಕಾಗೊಗೆ ರೈಲಿನಲ್ಲಿ ಮೂರು ಗಂಟೆಯ ದಾರಿ. ಅದು ಮೇ ತಿಂಗಳು, ಅವನಿಗೆ ಪರೀಕ್ಷೆಯ ವಾರ. ‘ಅಮ್ಮ, ಪರೀಕ್ಷೆ ಮುಗಿದ ಮೇಲೆ ಕರೆದುಕೊಂಡು ಹೋಗುತ್ತೇನೆ’ ಎಂದಿದ್ದ. ಆದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳಿಗೆ ಮಗನ ಬೆನ್ನ ಹಿಂದೆ ನಡೆದು ಊರು ನೋಡುವುದೆಂದರೆ ಗೈಡು ಓದಿ ಪರೀಕ್ಷೆ ಬರೆದ ಹಾಗೆ ಅನ್ನಿಸಿತು. ಒಬ್ಬಳೇ ಹೋಗುತ್ತೇನೆ ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು. ಆದರೆ ಹೇಳಿಯಾಗಿತ್ತು.

ಬೆಳಿಗ್ಗೆ ಆರರ ರೈಲು. ಕಿಟಕಿಯಾಚೆ ನಮ್ಮ ಧಾರವಾಡದ ಕಡೆಯಂಥ ಕಪ್ಪು ನೆಲ, ಆಗಷ್ಟೇ ಬಿತ್ತಿದ ಮೆಕ್ಕೆಜೋಳದ ಹೊಲ. ಒಂದು ಗುಡ್ಡವಿಲ್ಲ, ಒಂದು ಬಂಡೆಯಿಲ್ಲ. ಒಂಬತ್ತೂಕಾಲರ ಸುಮಾರಿಗೆ ಯೂನಿಯನ್ ಸ್ಟೇಷನ್ ಬಂತು. 1925ರಲ್ಲಿ ಪ್ರಾರಂಭವಾದ ನಿಲ್ದಾಣ. ಅದರ ದೊಡ್ಡ ಹಾಲಿನ ಮರದ ಬೆಂಚುಗಳ ನಡುವೆ ನಿಂತು, ಯಾವ ಬಾಗಿಲಿಂದ ಹೊರಗೆ ಹೋಗಬೇಕೆಂದು ತಿಳಿಯದೆ ಐದು ನಿಮಿಷ ಸುಮ್ಮನೆ ಚಾವಣಿ ನೋಡಿದೆ. ಊರಿಗೆ ಹೊಸಬರೆಂದು ಗೊತ್ತಾಗಬಾರದೆಂದರೆ ಚಾವಣಿ ನೋಡುವುದು ಒಳ್ಳೆಯ ಉಪಾಯ.

ಅಲ್ಲಿಂದ ಆಡಮ್ಸ್ ರಸ್ತೆ ಹಿಡಿದು ಪೂರ್ವಕ್ಕೆ ನಡೆದರೆ ಒಂದೂಕಾಲು ಕಿಲೋಮೀಟರಿಗೆ ರಸ್ತೆ ಮುಗಿಯುತ್ತದೆ. ಮುಗಿಯುವುದು ಆರ್ಟ್ ಇನ್‌ಸ್ಟಿಟ್ಯೂಟಿನ ಎದುರಿಗೆ. ನನಗೆ ಹೋಗಬೇಕಾಗಿದ್ದುದು ಅಲ್ಲಿಗೇ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ್ದು ಆ ಕಟ್ಟಡದಲ್ಲಿ. ಆದರೆ ಆ ಒಂದೂಕಾಲು ಕಿಲೋಮೀಟರು ನಡೆಯಲು ನನಗೆ ಎರಡು ಗಂಟೆ ಹಿಡಿಯಿತು.

ಮೊದಲು ಅಡ್ಡ ಬಂದದ್ದು ಷಿಕಾಗೊ ನದಿ. ಹಸಿರು ಬಣ್ಣದ, ಅಷ್ಟೇನೂ ಅಗಲವಿಲ್ಲದ ನದಿ. ಇದು ಹಿಂದಕ್ಕೆ ಹರಿಯುವ ನದಿ ಎಂದರೆ ನಂಬುತ್ತೀರಾ? ಮೊದಲು ಅದು ಮಿಷಿಗನ್ ಸರೋವರಕ್ಕೆ ಸೇರುತ್ತಿತ್ತು. ಸರೋವರ ಎಂದರೆ ನಮ್ಮ ಕೆರೆಯಲ್ಲ. ಅದರ ವಿಸ್ತಾರ ಸುಮಾರು 58 ಸಾವಿರ ಚದರ ಕಿಲೋಮೀಟರು, ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಊರಿನ ಕೊಳಚೆಯೆಲ್ಲ ನದಿಗೆ, ನದಿ ಸರೋವರಕ್ಕೆ, ಊರಿನವರು ಕುಡಿಯುವುದು ಅದೇ ಸರೋವರದ ನೀರು. ಕೊನೆಗೆ 45 ಕಿಲೋಮೀಟರು ಉದ್ದದ ಕಾಲುವೆಯೊಂದನ್ನು ಸರೋವರದ ಮಟ್ಟಕ್ಕಿಂತ ಆಳವಾಗಿ ತೋಡಿ, 1900ರ ಜನವರಿ 2ರಂದು ನದಿಯನ್ನು ಅದಕ್ಕೆ ಬಿಟ್ಟರು. ನೀರು ತಗ್ಗು ಕಂಡತ್ತ ಹರಿಯುತ್ತದಲ್ಲವೇ, ನದಿ ತಿರುಗಿ ಸರೋವರದಿಂದ ಆಚೆಗೆ ಹರಿಯತೊಡಗಿತು. ಅದರ ನೀರು ಮುಂದೆ ಸೇರುವುದು ಮಿಸಿಸಿಪ್ಪಿಗೆ. ಆ ನದಿಯ ದಡದ ಸೇಂಟ್ ಲೂಯಿಸಿನವರು ಸುಮ್ಮನಿರುತ್ತಾರೆಯೇ? ಅವರು ತಡೆಯಾಜ್ಞೆ ತರುವ ಮೊದಲೇ ಕೆಲಸ ಮುಗಿಸಬೇಕೆಂದು ಷಿಕಾಗೊದವರು ಸದ್ದಿಲ್ಲದೆ ಬಾಗಿಲು ತೆರೆದರಂತೆ. ಮೇಲಿನ ಮನೆಯ ಬಚ್ಚಲ ನೀರಿನ ಜಗಳ ಎಲ್ಲ ದೇಶದಲ್ಲೂ ಒಂದೇ.

ನದಿ ದಾಟಿದರೆ ಎದುರಿಗೇ ವಿಲ್ಲಿಸ್ ಟವರ್. ಹಳೆಯ ಪಠ್ಯಪುಸ್ತಕಗಳಲ್ಲಿ ಸಿಯರ್ಸ್ ಟವರ್ ಎಂದು ಓದಿದವರಿಗೆ ಹೇಳಬೇಕು, 2009ರಲ್ಲಿ ಹೆಸರು ಬದಲಾಯಿತು. 110 ಅಂತಸ್ತು, 442 ಮೀಟರು ಎತ್ತರ. 1973ರಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಅತಿ ಎತ್ತರದ ಕಟ್ಟಡ. ಮೇಲೆ ಹತ್ತುವ ಟಿಕೆಟ್ಟಿನ ಬೆಲೆಯನ್ನು ರೂಪಾಯಿಗೆ ಗುಣಿಸಿ ನೋಡಿದೆ. ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ ಅನ್ನಿಸಿತು.

ಪಕ್ಕದ ಫ್ರಾಂಕ್ಲಿನ್ ರಸ್ತೆಯ ಮೂಲೆಯಲ್ಲಿ ಒಂದು ನಾಮಫಲಕ: ಫಜಲುರ್ ಆರ್. ಖಾನ್ ವೇ. ಈ ಕಟ್ಟಡವನ್ನು ನಿಲ್ಲಿಸಿದ ಇಂಜಿನಿಯರ್ ಅವರೇ. 1929ರಲ್ಲಿ ಢಾಕಾದಲ್ಲಿ ಹುಟ್ಟಿದವರು. 1952ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬಂದು ಸೇರಿದ್ದು ನನ್ನ ಮಗ ಓದುತ್ತಿರುವ ಅದೇ ವಿಶ್ವವಿದ್ಯಾಲಯ. ಮೂರೇ ವರ್ಷದಲ್ಲಿ ಎರಡು ಸ್ನಾತಕೋತ್ತರ ಪದವಿ, ಒಂದು ಡಾಕ್ಟರೇಟ್. (ಇದನ್ನು ಮಗನಿಗೆ ಹೇಳಲಿಲ್ಲ. ಪರೀಕ್ಷೆಯ ವಾರ.) ಎತ್ತರದ ಕಟ್ಟಡಕ್ಕೆ ತನ್ನ ಭಾರಕ್ಕಿಂತ ದೊಡ್ಡ ಶತ್ರು ಗಾಳಿ. ಖಾನ್ ಮಾಡಿದ್ದಿಷ್ಟು: ಒಂದು ದೊಡ್ಡ ಕೊಳವೆಯ ಬದಲು ಒಂಬತ್ತು ಚೌಕ ಕೊಳವೆಗಳನ್ನು ಒಟ್ಟಿಗೆ ಕಟ್ಟಿ ನಿಲ್ಲಿಸಿದರು. ಪೊರಕೆಯ ಒಂದು ಕಡ್ಡಿ ಬಾಗುತ್ತದೆ, ಇಡೀ ಪೊರಕೆ ಬಾಗುವುದಿಲ್ಲವಲ್ಲ, ಹಾಗೆ. ಒಂಬತ್ತರಲ್ಲಿ ಎರಡು 50ನೇ ಅಂತಸ್ತಿಗೆ ನಿಲ್ಲುತ್ತವೆ, ಎರಡು 66ಕ್ಕೆ, ಮೂರು 90ಕ್ಕೆ. ಕೊನೆಯವರೆಗೆ ಹೋಗುವುದು ಎರಡೇ. ಕೆಳಗೆ ನಿಂತು ಕೈಬೆರಳಲ್ಲಿ ಎಣಿಸಿದೆ. ಕತ್ತು ನೋವು ಬಂತು, ಲೆಕ್ಕ ಸರಿಬಂತು.

ಮುಂದೆ ಲಾ ಸಾಲ್ ರಸ್ತೆಯ ಮೂಲೆಯಲ್ಲಿ ರೂಕರಿ ಎಂಬ 1888ರ ಕಟ್ಟಡ. ಒಳಗಿನ ಗಾಜಿನ ಮಾಡಿನ ಅಂಗಳವನ್ನು 1905ರಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಹೊಸದಾಗಿ ರೂಪಿಸಿದ. ಸುಂದರವಾಗಿದೆ, ನಿಜ. ಆದರೆ ನನ್ನ ಮನಸ್ಸು ಹಿಡಿದದ್ದು ಅದಕ್ಕೂ ಮುಂಚೆ ಆ ಜಾಗದಲ್ಲಿದ್ದ ಕಬ್ಬಿಣದ ನೀರಿನ ಟ್ಯಾಂಕು. 1871ರ ಅಕ್ಟೋಬರಿನಲ್ಲಿ ಷಿಕಾಗೊ ಎರಡು ದಿನ ಹೊತ್ತಿ ಉರಿಯಿತು. ಸುಮಾರು 300 ಜನ ಸತ್ತರು, ಲಕ್ಷ ಜನ ಮನೆ ಕಳೆದುಕೊಂಡರು. ಸುದ್ದಿ ಕೇಳಿದ ಇಂಗ್ಲೆಂಡಿನ ಜನ, ಪಾಪ ಇವರ ಲೈಬ್ರರಿ ಸುಟ್ಟುಹೋಗಿರಬೇಕೆಂದು ಸುಮಾರು ಎಂಟು ಸಾವಿರ ಪುಸ್ತಕ ಕೂಡಿಸಿ ಕಳಿಸಿದರು. ತಮಾಷೆಯೆಂದರೆ ಊರಿನಲ್ಲಿ ಅದಕ್ಕೆ ಮೊದಲು ಎಲ್ಲರಿಗೂ ತೆರೆದ ಸಾರ್ವಜನಿಕ ಲೈಬ್ರರಿಯೇ ಇರಲಿಲ್ಲ! ಪುಸ್ತಕ ಬಂದ ಮೇಲೆ ಇಡಲು ಜಾಗ ಬೇಕಲ್ಲ, ಬೆಂಕಿಯಲ್ಲಿ ಉಳಿದುಕೊಂಡಿದ್ದ ಈ ಟ್ಯಾಂಕಿನೊಳಗೆ ಕಪಾಟು ಹೊಡೆದು 1873ರ ಹೊಸ ವರ್ಷದ ದಿನ ಲೈಬ್ರರಿ ತೆರೆದರು. ನಮ್ಮ ಶಾಲೆಯಲ್ಲಿ ಗ್ರಂಥಾಲಯಕ್ಕೆ ಕೊಠಡಿಯಿಲ್ಲವೆಂದು ಹನ್ನೊಂದು ವರ್ಷ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆವು. ಅದು ನೆನಪಾಗಿ ಸ್ವಲ್ಪ ಹೊತ್ತು ಅಲ್ಲೇ ಕುಳಿತೆ.

ಕೊನೆಗೂ ಮಿಷಿಗನ್ ಅವೆನ್ಯೂ. ಎದುರಿಗೆ ಆರ್ಟ್ ಇನ್‌ಸ್ಟಿಟ್ಯೂಟ್, ಮೆಟ್ಟಿಲ ಎರಡು ಬದಿಗೆ ಹಸಿರುಗಟ್ಟಿದ ಎರಡು ಕಂಚಿನ ಸಿಂಹಗಳು. ಮುಂದಿನ ರಸ್ತೆಯ ತುಂಡಿಗೆ ಸ್ವಾಮಿ ವಿವೇಕಾನಂದ ವೇ ಎಂದು ಗೌರವದ ಹೆಸರಿದೆ. ಮೂವತ್ತು ವರ್ಷ, ಪ್ರತಿ ಜನವರಿ 12ಕ್ಕೆ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಮಕ್ಕಳಿಗೆ ಷಿಕಾಗೊ ಭಾಷಣದ ಕತೆ ಹೇಳಿದವಳು ನಾನು. ಸಭಾಂಗಣ ಹೇಗಿತ್ತು, ಜನ ಹೇಗೆ ಎದ್ದು ನಿಂತರು ಎಂದು ಕಣ್ಣಾರೆ ಕಂಡವಳಂತೆ ವರ್ಣಿಸುತ್ತಿದ್ದೆ. ಟಿಕೆಟ್ ಕೊಂಡು ಒಳಗೆ ಹೋಗಿ ಕಾವಲುಗಾರರೊಬ್ಬರನ್ನು ಕೇಳಿದೆ: ‘ಆ ಸಭಾಂಗಣ ಎಲ್ಲಿ?’

‘ಈಗ ಇಲ್ಲ’ ಎಂದರು. ನಮ್ಮವರು ಹೀಗೆ ಕೇಳುವುದು ಅವರಿಗೆ ರೂಢಿಯಿರಬೇಕು, ನಗುತ್ತಲೇ ಹೇಳಿದರು.

ಸಮ್ಮೇಳನ ನಡೆದ ಕೊಲಂಬಸ್ ಹಾಲ್ ಆ ಹದಿನೇಳು ದಿನಗಳಂಥ ಸಭೆಗಳಿಗೆಂದೇ ಕಟ್ಟಿದ ತಾತ್ಕಾಲಿಕ ರಚನೆ. ಸಭೆಗಳು ಮುಗಿದವು, ಹಾಲನ್ನು ತೆಗೆದರು. ಬಾಗಿಲ ಸಿಂಹಗಳು ಕೂಡ ಕೂತದ್ದು 1894ರ ಮೇ ತಿಂಗಳಲ್ಲಿ. ಭಾಷಣದ ದಿನ ಸ್ವಾಮೀಜಿ ಮೆಟ್ಟಿಲು ಹತ್ತುವಾಗ ಅವು ಇರಲಿಲ್ಲ. ನನ್ನ ವರ್ಣನೆಯಲ್ಲಿ ಒಮ್ಮೊಮ್ಮೆ ಸಿಂಹಗಳೂ ಬರುತ್ತಿದ್ದವು. ಯಾವುದೋ ಫೋಟೊ ನೋಡಿ ಸೇರಿಸಿಕೊಂಡಿದ್ದೆ. ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಸಿಂಹಗಳನ್ನು ಹೊಡೆದುಹಾಕಿಕೊಳ್ಳಬೇಕು.

ದೊಡ್ಡ ಮೆಟ್ಟಿಲ ಸಾಲೊಂದನ್ನು ತೋರಿಸಿದರು. 2010ರ ಸೆಪ್ಟೆಂಬರ್ 11ರಂದು ಮುಂಬೈಯ ಕಲಾವಿದ ಜಿತೀಶ್ ಕಲ್ಲಾಟ್ ಆ ಭಾಷಣದ ಪೂರ್ತಿ ಮಾತುಗಳನ್ನು ಇದೇ ಮೆಟ್ಟಿಲುಗಳ ಮೇಲೆ ದೀಪದ ಅಕ್ಷರಗಳಲ್ಲಿ ಬರೆದಿದ್ದರು. ಅದೂ ಈಗಿಲ್ಲ. ಬರಿ ಮೆಟ್ಟಿಲು. ನಾನು ಹತ್ತಿ ಇಳಿದೆ. ಮೇಲಿನ ಕೊಠಡಿಯಲ್ಲಿ ಸೂರಾನ ದೊಡ್ಡ ಚಿತ್ರವನ್ನು ನೋಡಿದೆ, ನದಿಯ ದಡದ ಭಾನುವಾರ. ಹತ್ತಿರ ಹೋದರೆ ಬರಿ ಬಣ್ಣದ ಚುಕ್ಕಿ, ಹತ್ತು ಹೆಜ್ಜೆ ಹಿಂದೆ ಬಂದರೆ ಕೊಡೆ ಹಿಡಿದ ಹೆಂಗಸು. ವಿಜ್ಞಾನದ ಮೇಷ್ಟರುಗಳು ಮಕ್ಕಳಿಗೆ ಇದನ್ನು ತೋರಿಸಬೇಕು.

ಊಟಕ್ಕೆ ಚಿತ್ರಾನ್ನ ಕಟ್ಟಿಕೊಂಡಿದ್ದೆ. ಪಕ್ಕದ ಮಿಲೇನಿಯಂ ಪಾರ್ಕಿನಲ್ಲಿ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರರ ಕನ್ನಡಿಯಂಥ ಉಕ್ಕಿನ ಶಿಲ್ಪವಿದೆ, ಊರವರು ಅದನ್ನು ಹುರುಳಿಕಾಯಿ ಬೀಜವೆಂದು ಕರೆಯುತ್ತಾರೆ. 168 ಉಕ್ಕಿನ ತಗಡುಗಳನ್ನು ಬೆಸೆದು, ಬೆಸುಗೆಯ ಗೆರೆಯೇ ಕಾಣದಂತೆ ಉಜ್ಜಿದ್ದಾರೆ. ಅದರಲ್ಲಿ ಇಡೀ ಊರು ಬಾಗಿ ಕಾಣುತ್ತದೆ. ಊರಿನ ಕೆಳತುದಿಯಲ್ಲಿ ಸ್ವೆಟರ್ ಹಾಕಿ ಡಬ್ಬಿ ಹಿಡಿದ ಒಬ್ಬ ಹೆಂಗಸು ಕಂಡಳು. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು.

ಇನ್ನು ದಾರಿ ತಪ್ಪಿದ ಕತೆ.

ನದಿಯ ದಡದಲ್ಲಿ ವ್ಯಾಕರ್ ಡ್ರೈವ್ ಎಂಬ ರಸ್ತೆಯಿದೆ. 1926ರಲ್ಲಿ ತೆರೆದ ಇದಕ್ಕೆ ಎರಡು ಅಂತಸ್ತು. ಮೇಲೆ ಒಂದು ರಸ್ತೆ, ಅದರ ಅಡಿಯಲ್ಲೇ ಇನ್ನೊಂದು ರಸ್ತೆ, ಎರಡಕ್ಕೂ ಅದೇ ಹೆಸರು. ನೀರು ಹತ್ತಿರದಿಂದ ನೋಡೋಣವೆಂದು ಒಂದು ಮೆಟ್ಟಿಲಲ್ಲಿ ಇಳಿದವಳು ಬೇರೆ ಮೆಟ್ಟಿಲು ಹುಡುಕಲು ಹೋಗಿ ಆ ಕೆಳಗಿನ ರಸ್ತೆ ಸೇರಿಕೊಂಡೆ. ಕಂಬಗಳು, ಹಳದಿ ದೀಪ, ಲಾರಿಗಳ ಸದ್ದು, ನಡೆಯುವ ಜನರೇ ಇಲ್ಲ. ಫೋನಿನ ನಕ್ಷೆಯಲ್ಲಿ ನಾನಿದ್ದ ನೀಲಿ ಚುಕ್ಕಿ ಒಮ್ಮೆ ನದಿಯ ಮಧ್ಯಕ್ಕೆ, ಒಮ್ಮೆ ಯಾವುದೋ ಹೋಟೆಲಿನೊಳಕ್ಕೆ ಜಿಗಿಯುತ್ತಿತ್ತು. ಆಮೇಲೆ ಕೆಂಪು ಬ್ಯಾಟರಿ ತೋರಿಸಿತು. ಹತ್ತು ನಿಮಿಷವಿರಬಹುದು, ಇಪ್ಪತ್ತಿರಬಹುದು. ಬಾಯಿ ಒಣಗಿತು. ಅರವತ್ತೆರಡು ವರ್ಷದವಳಿಗೆ ಇದೆಲ್ಲ ಬೇಕಿತ್ತಾ ಎಂದು ಗಟ್ಟಿಯಾಗಿ ಕನ್ನಡದಲ್ಲೇ ಬೈದುಕೊಂಡೆ.

ಲಾರಿ ಇಳಿಸುವ ಕಟ್ಟೆಯೊಂದರಲ್ಲಿ ಅಂಚೆಯ ನೀಲಿ ಸಮವಸ್ತ್ರದ ಹೆಂಗಸು ಗಾಡಿಗೆ ಪೆಟ್ಟಿಗೆ ತುಂಬುತ್ತಿದ್ದರು. ಚೀಟಿ ತೋರಿಸಿದೆ. ಅವರು ಮೊದಲು ನೋಡಿದ್ದು 541 ಎಂಬುದನ್ನು, ಹುಬ್ಬೇರಿಸಿದರು. ‘ಇದು ನನ್ನಜ್ಜಿಯ ಕಾಲಕ್ಕಿಂತ ಹಿಂದಿನ ನಂಬರು’ ಎಂದು ನಕ್ಕರು. ಆಮೇಲೆ ಪೆಟ್ಟಿಗೆಯ ಮೇಲೆ ಬೆರಳಲ್ಲಿ ಎರಡು ಗೆರೆ ಎಳೆದು ಪಾಠ ಮಾಡಿದರು. ಸ್ಟೇಟ್ ರಸ್ತೆ ಮತ್ತು ಮ್ಯಾಡಿಸನ್ ರಸ್ತೆ ಕೂಡುವ ಮೂಲೆ ಸೊನ್ನೆ. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ಮನೆ ನಂಬರು ಏರುತ್ತದೆ, ಮೈಲಿಗೆ 800ರ ಲೆಕ್ಕದಲ್ಲಿ. 1909ರಲ್ಲಿ ಊರಿನ ಮನೆಗಳಿಗೆಲ್ಲ ಹೀಗೆ ಹೊಸ ನಂಬರು ಕೊಟ್ಟರು. ‘ಸರೋವರ ಯಾವಾಗಲೂ ಪೂರ್ವ. ಇಷ್ಟು ಗೊತ್ತಿದ್ದರೆ ಈ ಊರಿನಲ್ಲಿ ಯಾರೂ ಕಳೆದುಹೋಗುವುದಿಲ್ಲ’ ಎಂದು ಮೇಲಕ್ಕೆ ಹೋಗುವ ಮೆಟ್ಟಿಲು ತೋರಿಸಿದರು. ಎಕ್ಸ್–ಅಕ್ಷ, ವೈ–ಅಕ್ಷ! ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದರ ಮೇಲೇ ನಡೆಯುತ್ತಿದ್ದೆ, ತಿಳಿದಿರಲಿಲ್ಲ. 1415 ಅಂದರೆ ಸೊನ್ನೆಯಿಂದ ಉತ್ತರಕ್ಕೆ ಒಂದೂಮುಕ್ಕಾಲು ಮೈಲಿ. ಸುರಂಗದ ರೈಲು ಹತ್ತಿ ಕ್ಲಾರ್ಕ್–ಡಿವಿಷನ್ ನಿಲ್ದಾಣದಲ್ಲಿ ಇಳಿದೆ, ಅದು 1200. ಉಳಿದದ್ದು ಕಾಲು ಮೈಲಿ, ಕಾಲ್ನಡಿಗೆ.

541 ಡಿಯರ್‌ಬಾರ್ನ್ ಯಾಕೆ ಎಂದು ಈಗ ಹೇಳುತ್ತೇನೆ. ಕುವೆಂಪು ಬರೆದ ವಿವೇಕಾನಂದರ ಜೀವನಚರಿತ್ರೆ ಓದಿದವರಿಗೆ ಕತೆ ಗೊತ್ತು. 1893ರ ಜುಲೈ ಕೊನೆಗೆ ಸ್ವಾಮೀಜಿ ಷಿಕಾಗೊಗೆ ಬಂದಾಗ ಸಮ್ಮೇಳನ ಸೆಪ್ಟೆಂಬರಿನಲ್ಲಿ ಎಂದು ತಿಳಿಯಿತು. ಕೈಯಲ್ಲಿ ಪರಿಚಯ ಪತ್ರವಿಲ್ಲ, ಹಣ ಕರಗುತ್ತಿತ್ತು. ಖರ್ಚು ಕಡಿಮೆಯೆಂದು ಬಾಸ್ಟನ್ನಿನ ಕಡೆಗೆ ಹೋದರು. ಅಲ್ಲಿ ಹಾರ್ವರ್ಡಿನ ಪ್ರೊಫೆಸರ್ ಜಾನ್ ಹೆನ್ರಿ ರೈಟ್ ಪರಿಚಯವಾಗಿ ಪತ್ರ ಬರೆದುಕೊಟ್ಟರು. ಸಮ್ಮೇಳನಕ್ಕೆ ಒಂದೆರಡು ದಿನವಿರುವಾಗ ಸಂಜೆ ಷಿಕಾಗೊದಲ್ಲಿ ಇಳಿದು ನೋಡುತ್ತಾರೆ, ಹೋಗಬೇಕಾದ ಕಚೇರಿಯ ವಿಳಾಸವಿದ್ದ ಚೀಟಿಯಿಲ್ಲ. ಆ ಭಾಗದಲ್ಲಿ ಹೆಚ್ಚಾಗಿ ಜರ್ಮನ್ ಮಾತಾಡುವವರು, ಇವರ ಮಾತು ಅವರಿಗೆ ತಿಳಿಯಲಿಲ್ಲ. ರಾತ್ರಿ ರೈಲ್ವೆ ಯಾರ್ಡಿನ ಖಾಲಿ ಸರಕು ಡಬ್ಬಿಯಲ್ಲಿ ಮಲಗಿದರು. ಬೆಳಿಗ್ಗೆ ಹಸಿದು, ಮನೆಮನೆಯ ಬಾಗಿಲು ತಟ್ಟುತ್ತ ನಡೆದರು. ಕೊಳೆಯಾದ ಬಟ್ಟೆ ನೋಡಿ ಬಾಗಿಲು ಹಾಕಿಕೊಂಡವರೇ ಹೆಚ್ಚು. ಸುಸ್ತಾಗಿ ರಸ್ತೆ ಬದಿಗೆ ಕುಳಿತಾಗ ಎದುರು ಮನೆಯ ಬಾಗಿಲು ತೆರೆಯಿತು. ಶ್ರೀಮತಿ ಹೇಲ್ ಹೊರಬಂದು ತಾವು ಸಮ್ಮೇಳನದ ಪ್ರತಿನಿಧಿಗಳೇ ಎಂದು ಕೇಳಿದರು, ಒಳಗೆ ಕರೆದು ಉಪಚರಿಸಿದರು, ತಾವೇ ಕಚೇರಿಗೆ ಕರೆದೊಯ್ದರು. ಆ ಮನೆ 541 ಡಿಯರ್‌ಬಾರ್ನ್.

ಭಾಷಣದ ಸಂಗತಿಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಸರಕು ಡಬ್ಬಿಯ ರಾತ್ರಿಯನ್ನು ಮಾತ್ರ ಒಂದು ವಾಕ್ಯದಲ್ಲಿ ಮುಗಿಸುತ್ತಿದ್ದೆ. ಚಪ್ಪಾಳೆಯ ಕಡೆಗೆ ಹೋಗುವ ಅವಸರ.

ಆ ಮನೆಯೂ ಈಗಿಲ್ಲ, ಅಲ್ಲಿರುವುದು ಅಪಾರ್ಟ್‌ಮೆಂಟ್ ಕಟ್ಟಡ. ನಾಯಿ ಹಿಡಿದುಕೊಂಡು ಒಬ್ಬರು ಒಳಗೆ ಹೋದರು, ತರಕಾರಿ ಚೀಲದವರು ಹೊರಗೆ ಬಂದರು. ನಾನು ಎದುರಿನ ಫುಟ್‌ಪಾತಿನಲ್ಲಿ ನಿಂತೆ. ಅವರು ಕುಳಿತದ್ದು ಈ ಕಡೆಯೇ ಅಲ್ಲವೇ? ಇದೇ ಊರಿನಿಂದ 1894ರ ಜೂನ್ 23ರಂದು ಅವರು ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರಿಗೆ ಒಂದು ಪತ್ರ ಬರೆದಿದ್ದಾರೆ. ಬಡವರ ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಅವರ ಹೊಲಕ್ಕೆ, ಕಾರ್ಖಾನೆಗೆ ಹೋಗಬೇಕು ಎಂಬುದು ಅದರ ತಿರುಳು. ಆ ವರ್ಷದ ಡಿಸೆಂಬರಿನಲ್ಲೇ ಮಹಾರಾಜರು ತೀರಿಕೊಂಡರು. ರಾಗಿ ಕೊಯ್ಲು ಬಂದಾಗ ಹಾಜರಿ ಪುಸ್ತಕದಲ್ಲಿ ಅರ್ಧ ತರಗತಿಗೆ ಗೈರು ಹಾಕಿ ಕೂತಿರುತ್ತಿದ್ದ ನನಗೆ ಆ ಪತ್ರ ಓದಿದಾಗಲೆಲ್ಲ ಮುಖ ಬಿಸಿಯಾಗುತ್ತದೆ.

ಡಿಯರ್‌ಬಾರ್ನ್ ರಸ್ತೆಯಲ್ಲೇ ದಕ್ಷಿಣಕ್ಕೆ ನಡೆದರೆ ವಾಷಿಂಗ್ಟನ್ ಸ್ಕ್ವೇರ್ ಎಂಬ ಚಿಕ್ಕ ಪಾರ್ಕು. ಬೆಂಚಿನ ಮೇಲೆ ಕುಳಿತು, ಉಳಿದಿದ್ದ ಚೂರು ಬ್ಯಾಟರಿಯಲ್ಲಿ ಮಗನಿಗೆ ಫೋನ್ ಮಾಡಿದೆ. ದಾರಿ ತಪ್ಪಿದ್ದನ್ನು ಹೇಳಿದೆ, ಸರಕು ಡಬ್ಬಿಯ ಕತೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಅಮ್ಮ, ನಾನು ಮೊದಲ ಸಲ ಬಂದಾಗ ಷಿಕಾಗೊ ವಿಮಾನ ನಿಲ್ದಾಣದಲ್ಲೇ ರಾತ್ರಿ ಕಳೆದೆ. ವಿಮಾನ ತಡವಾಯಿತು, ಷಾಂಪೇನಿನ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಫೋನಿಗೆ ಇಲ್ಲಿಯ ಸಿಮ್ ಇರಲಿಲ್ಲ. ಕುರ್ಚಿಯ ಮೇಲೆ, ಸೂಟ್‌ಕೇಸಿಗೆ ಕಾಲು ಕಟ್ಟಿಕೊಂಡು ಕೂತಿದ್ದೆ.’

‘ಆರಾಮಾಗಿ ತಲುಪಿದೆ ಅಂತ ಮೆಸೇಜು ಕಳಿಸಿದ್ದೆಯಲ್ಲೋ?’

‘ನಿಲ್ದಾಣದ ವೈಫೈಯಲ್ಲಿ ಕಳಿಸಿದ್ದು ಅದು.’

ಆ ಮೆಸೇಜನ್ನು ನಾನು ಓಣಿಯವರಿಗೆಲ್ಲ ತೋರಿಸಿದ್ದೆ. ಇನ್ನೇನೋ ಕೇಳಬೇಕೆನ್ನುವಷ್ಟರಲ್ಲಿ ಫೋನು ಆರಿತು.

ಚೀಟಿ ಇತ್ತು. ಎಂಟು ಗಂಟೆಯ ರೈಲು ಎಂದು ಅದರಲ್ಲಿ ಬರೆದಿತ್ತು. ಸೊನ್ನೆಯ ಮೂಲೆಯವರೆಗೂ ನಡೆದೇ ಬಂದೆ, ಮನೆ ನಂಬರು ಇಳಿಯುತ್ತ ಹೋದದ್ದನ್ನು ನೋಡುತ್ತ. ಆಡಮ್ಸ್ ರಸ್ತೆ, ಹಿಮ್ಮುಖ ನದಿ, ಸ್ಟೇಷನ್ನಿನ ಮರದ ಬೆಂಚು. ರೈಲಿನಲ್ಲಿ ಕತ್ತಲೆ, ಹೊಲಗಳು ಕಾಣಲಿಲ್ಲ.

ರಾತ್ರಿ ಹತ್ತೂವರೆ ದಾಟಿ ಷಾಂಪೇನಿನಲ್ಲಿ ಇಳಿದಾಗ ಮಗ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದ. ನಾಳೆ ಪರೀಕ್ಷೆ ಇಟ್ಟುಕೊಂಡು ಯಾಕೆ ಬಂದೆ ಎಂದು ಬೈಯಬೇಕೆಂದುಕೊಂಡಿದ್ದವಳು ಬೇರೆಯದೇ ಕೇಳಿದೆ.

‘ಆ ರಾತ್ರಿ ಊಟ ಏನು ಮಾಡಿದೆಯೋ?’

‘ನೀನು ಕಟ್ಟಿದ್ದ ಚಕ್ಕುಲಿ ಇತ್ತಲ್ಲ’ ಎಂದ.